ಅದು ವೆಲ್ಡಿಂಗ್ ಅಲ್ಲ ಸಾರ್, ಗ್ರೈಂಡಿಂಗು, ಮತ್ತೆ ಆ ಹುಡುಗನ ಮಷೀನ್‌ಗೆ ಗಾರ್ಡೇ ಇಲ್ಲ

ಸಂಪಾದಕರಿಗೆ ನಮಸ್ಕಾರ,

ಆಯುಧ ಪೂಜೆ ದಿನ ನಿಮ್ಮ ಪೇಪರಿನ ಮೂರನೇ ಪುಟದಲ್ಲಿ ಒಂದು ದೊಡ್ಡ ಕಲರ್ ಫೋಟೋ ಹಾಕಿದ್ರಿ. ಕತ್ತಲೆ ಶೆಡ್ಡಲ್ಲಿ ಒಬ್ಬ ಹುಡುಗ ಕುಕ್ಕರಗಾಲಲ್ಲಿ ಕೂತಿದಾನೆ, ಕೈಯಲ್ಲಿ ಮಷೀನು, ಅದರಿಂದ ಕಿಡಿ ದೀಪಾವಳಿ ಹೂಕುಂಡದ ಥರ ಚಿಮ್ತಾ ಇದೆ, ಕೆಳಗಡೆ "ವೆಲ್ಡಿಂಗ್ ಕೆಲಸದಲ್ಲಿ ತಲ್ಲೀನನಾದ ಕಾರ್ಮಿಕ" ಅಂತ ಬರೆದಿದೀರಿ. ಫೋಟೋ ಚೆನ್ನಾಗಿದೆ, ಇಲ್ಲ ಅನ್ನಲ್ಲ, ನಮ್ಮನೆಯವಳು ಕೂಡ ಕಾಫಿ ಕುಡೀತಾ ಎಷ್ಟ್ ಚೆನ್ನಾಗಿದೆ ನೋಡ್ರೀ ಅಂತ ಪೇಪರ್ ನನ್ನ ಕಡೆ ತಿರುಗಿಸಿದ್ಲು. ಆದ್ರೆ ಅದು ವೆಲ್ಡಿಂಗ್ ಅಲ್ಲ ಸಾರ್. ಅದು ಗ್ರೈಂಡಿಂಗು. ನಾನು 34 ವರ್ಷ ಪೀಣ್ಯದಲ್ಲಿ ಇದೇ ಕೆಲಸ ಮಾಡಿ ರಿಟೈರ್ ಆದವನು, ಐಟಿಐನಲ್ಲಿ ಕಲಿತಿದ್ದೇ ಮಷಿನಿಸ್ಟ್ ಗ್ರೈಂಡರ್ ಟ್ರೇಡು, ಹಂಗಾಗಿ ಸುಮ್ನಿರೋಕೆ ಆಗ್ಲಿಲ್ಲ. ಕ್ಯಾಪ್ಷನ್ ತಪ್ಪು ಅನ್ನೋದಕ್ಕಷ್ಟೇ ಇಷ್ಟುದ್ದ ಬರೀತಿಲ್ಲ, ಆ ಫೋಟೋದಲ್ಲಿ ಇನ್ನೊಂದು ವಿಷಯ ಇದೆ, ಗಾರ್ಡು, ಅಂದ್ರೆ ಡಿಸ್ಕಿನ ಮೇಲೆ ಇರ್ಬೇಕಾದ ತಗಡಿನ ರಕ್ಷಣೆ ಮುಚ್ಚಳ, ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಕಿಡಿ ವಿಷಯ. ವೆಲ್ಡಿಂಗ್ ಅಂದ್ರೆ ಎರಡು ಕಬ್ಬಿಣನ ಕರಗಿಸಿ ಅಂಟಿಸೋದು, ಗ್ರೈಂಡಿಂಗ್ ಅಂದ್ರೆ ಕಲ್ಲಿನಿಂದ ಉಜ್ಜಿ ಕಬ್ಬಿಣನ ತೆಗೆಯೋದು, ಒಂದು ಕೂಡೋದು ಇನ್ನೊಂದು ಕಳೆಯೋದು. ವೆಲ್ಡಿಂಗಲ್ಲಿ ಕಣ್ಣು ಕುಕ್ಕೋ ನೀಲಿ ಬಿಳಿ ಬೆಳಕು ಒಂದೇ ಕಡೆ ನಿಂತಿರತ್ತೆ, ಕಿಡಿ ಸುತ್ತ ಚೆಲ್ಲತ್ತೆ. ಗ್ರೈಂಡಿಂಗಲ್ಲಿ ಕಿಡಿ ಎಲ್ಲಾ ಒಂದೇ ದಿಕ್ಕಿಗೆ, ಕಲ್ಲು ತಿರುಗೋ ಕಡೆಗೆ, ಗೆರೆ ಎಳೆದ ಹಂಗೆ ಹೋಗತ್ತೆ. ಆ ಗೆರೆ ಅಂದ್ರೆ ಏನು ಅಂದ್ಕೊಂಡ್ರಿ, ಒಂದೊಂದು ಗೆರೆನೂ ಕಬ್ಬಿಣದ ಒಂದು ಸಣ್ಣ ಚೂರು, ಬಿಸಿಯಾಗಿ ಹೊರಗೆ ಬಂದು ಗಾಳೀಲಿ ಉರಿದು ಹೋಗ್ತಾ ಇರೋದು. ನಮ್ಮ ಮೇಸ್ತ್ರಿ ಒಬ್ರಿದ್ರು, ಸ್ಟೋರ್ಸಲ್ಲಿ ರಾಡ್‌ಗಳು ಕಲಸಿಹೋಗಿ ಯಾವುದು ಯಾವ ಸ್ಟೀಲು ಅಂತ ಗೊತ್ತಾಗದೆ ಇದ್ರೆ ಅವರನ್ನ ಕರೀತಿದ್ರು. ರಾಡ್ ತಗೊಂಡು ಬೆಂಚ್ ಗ್ರೈಂಡರಿಗೆ ಒಂದ್ಸಲ ತಾಗಿಸೋರು, ಕಿಡಿ ನೋಡಿ ಹೇಳ್ಬಿಡೋರು. ಮೈಲ್ಡ್ ಸ್ಟೀಲ್ ಆದ್ರೆ ಉದ್ದುದ್ದ ತಿಳಿ ಹಳದಿ ಗೆರೆ, ಹೂವು ಕಮ್ಮಿ. ಕಾರ್ಬನ್ ಜಾಸ್ತಿ ಇದ್ರೆ ಕಿಡಿ ತುದೀಲಿ ಸುರ್‌ಸುರ್ ಬತ್ತಿ ಥರ ಒಡೆದು ನಕ್ಷತ್ರ ನಕ್ಷತ್ರ. ಎರಕದ ಕಬ್ಬಿಣ ಆದ್ರೆ ಕೆಂಪಗೆ ಗಿಡ್ಡ. ಹಿತ್ತಾಳೆ, ಅಲ್ಯೂಮಿನಿಯಂಗೆ ಕಿಡಿನೇ ಇಲ್ಲ. ಅವರನ್ನ ಬಿಟ್ರೆ ಅಷ್ಟು ಸಲೀಸಾಗಿ ಓದೋರನ್ನ ನಾನು ಕಂಡಿಲ್ಲ, ನನಗೂ ಅರ್ಧಂಬರ್ಧ ಬರತ್ತೆ ಅಷ್ಟೆ.

ಈ ಕೆಲಸಕ್ಕೆ ಹೆಸರಿನ ಕಾಟ ಬೇರೆ. ಮದುವೆಗೆ ಹೆಣ್ಣು ನೋಡೋಕೆ ಹೋದಾಗ ಗ್ರೈಂಡಿಂಗ್ ಸೆಕ್ಷನ್ನಲ್ಲಿ ಇದೀನಿ ಅಂದಿದ್ದಕ್ಕೆ ನಮ್ಮ ಮಾವನವರು ಹಿಟ್ಟಿನ ಗಿರಣಿ ಅಂದ್ಕೊಂಡಿದ್ರು, ಆಮೇಲೆ ಎಷ್ಟೋ ದಿನ ನೆಂಟರ ಮಧ್ಯ ಅದೇ ತಮಾಷೆ. ಈಗ್ಲೂ ಗ್ರೈಂಡರ್ ಅಂದ್ರೆ ಜನಕ್ಕೆ ದೋಸೆ ಹಿಟ್ಟು ರುಬ್ಬೋದೇ ನೆನಪಾಗೋದು. ಕನ್ನಡದಲ್ಲಿ ಇದಕ್ಕೆ ಎಂಥಾ ಒಳ್ಳೇ ಮಾತಿದೆ ನೋಡಿ, ಸಾಣೆ. ನಾವು ಚಿಕ್ಕೋರಿದ್ದಾಗ ಸೈಕಲ್ ಥರ ಪೆಡಲ್ ತುಳ್ಕೊಂಡು ಕತ್ರಿ ಚಾಕುಗೆ ಸಾಣೆ ಹಿಡಿಯೋರು ಬೀದೀಲಿ ಕೂಗ್ಕೊಂಡು ಬರ್ತಿದ್ರು ಅಲ್ವಾ, ಫ್ಯಾಕ್ಟರೀಲಿ ಮಾಡೋದೂ ಅದೇ, ಮೋಟ್ರು ಹಾಕಿ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಲೆಕ್ಕದಲ್ಲಿ ಮಾಡ್ತಾರೆ ಅಷ್ಟೆ. ನಿಮ್ಮೋರಿಗೆ ಇಂಗ್ಲಿಷ್ ಪದ ಬೇಡ ಅನ್ಸಿದ್ರೆ ಸಾಣೆ ಹಿಡಿಯುತ್ತಿರುವ ಅಂತ ಹಾಕ್ಬಹುದಿತ್ತು.

ಕಲ್ಲು ಅಂತ ನಾವು ಕರೆಯೋದು ನಿಜವಾಗ್ಲೂ ಒಂದೇ ಕಲ್ಲಲ್ಲ. ಗಟ್ಟಿ ಹರಳುಗಳನ್ನ ಒಂದು ಅಂಟಲ್ಲಿ ಕಲಸಿ ಅಚ್ಚಿಗೆ ಹಾಕಿ ಒತ್ತಿ ಸುಟ್ಟಿರೋ ಚಕ್ರ ಅದು. ಕಡ್ಲೆಬೀಜದ ಚಿಕ್ಕಿ ನೆನಪು ಮಾಡ್ಕೊಳಿ, ಬೀಜ ಅಂದ್ರೆ ಹರಳು, ಬೆಲ್ಲ ಅಂದ್ರೆ ಅಂಟು, ಮಧ್ಯ ಅಲ್ಲಲ್ಲಿ ಗಾಳಿ ಸಂದಿ. ಒಂದೊಂದು ಹರಳೂ ಒಂದು ಸಣ್ಣ ಉಳಿ. ಲೇತಲ್ಲಿ, ಅಂದ್ರೆ ಕಬ್ಬಿಣನ ತಿರುಗಿಸಿ ಕಡಿಯೋ ಮಷೀನಲ್ಲಿ, ಒಂದು ಟೂಲು ಕತ್ತರಿಸತ್ತೆ, ಇಲ್ಲಿ ಲಕ್ಷಾಂತರ ಉಳಿ ಒಂದರ ಹಿಂದೆ ಒಂದು ಬಂದು ಚೂರು ಚೂರೇ ಕೆರ್ಕೊಂಡು ಹೋಗತ್ತೆ. ಲೇತ್ ಟೂಲ್ ಮೊಂಡಾದ್ರೆ ಬಿಚ್ಚಿ ಸಾಣೆ ಹಿಡೀಬೇಕು, ಕಲ್ಲಿಗೆ ಹಂಗಲ್ಲ, ಹರಳು ಮೊಂಡಾದ್ರೆ ಅದರ ಮೇಲೆ ಒತ್ತಡ ಜಾಸ್ತಿ ಆಗಿ ಅದೇ ಒಡೆದು ಹೊಸ ಚೂಪು ಬರತ್ತೆ ಇಲ್ಲಾ ಪೂರ್ತಿ ಉದುರಿ ಒಳಗಿನ ಹರಳು ಮುಂದೆ ಬರತ್ತೆ. ತನಗೆ ತಾನೇ ಸಾಣೆ ಹಿಡ್ಕೊಳೋ ಟೂಲು ಅಂದ್ರೆ ಇದೊಂದೇ ಅಂತ ಮೇಸ್ತ್ರಿ ಹೇಳೋರು.

ಇಲ್ಲೊಂದು ಮಜಾ ಇದೆ, ಹೊಸ ಹುಡುಗರು ಎಲ್ರೂ ತಪ್ಪು ಹೇಳೋ ಪ್ರಶ್ನೆ ಇದು. ಗಟ್ಟಿ ಸ್ಟೀಲ್‌ಗೆ ಗಟ್ಟಿ ಕಲ್ಲು ಹಾಕ್ಬೇಕಾ ಮೆತ್ತಗಿರೋ ಕಲ್ಲಾ? ಮೆತ್ತಗಿರೋದು. ಗಟ್ಟಿ ಜಾಬಲ್ಲಿ (ನಾವು ಸಾಣೆ ಹಿಡಿಯೋ ತುಂಡಿಗೆ ಜಾಬ್ ಅಂತೀವಿ) ಹರಳು ಬೇಗ ಮೊಂಡಾಗತ್ತೆ, ಆ ಮೊಂಡು ಹರಳನ್ನ ಅಂಟು ಬೇಗ ಬಿಟ್ಬಿಡ್ಬೇಕು, ಅಂದ್ರೆ ಅಂಟಿನ ಹಿಡಿತ ಸಡಿಲ ಇರ್ಬೇಕು. ಮೆತ್ತಗಿನ ಕಬ್ಬಿಣಕ್ಕೆ ಹಿಡಿತ ಬಿಗಿ ಇರೋ ಕಲ್ಲು ನಡೆಯತ್ತೆ. ಇದು ಗೊತ್ತಿಲ್ದೆ ಹಾರ್ಡನ್ ಆಗಿರೋ ಜಾಬ್‌ಗೆ ಬಿಗಿ ಕಲ್ಲು ಹಾಕಿದ್ರೆ ಕಲ್ಲು ಗಾಜಿನ ಥರ ಹೊಳೆಯತ್ತೆ, ಕಡಿಯಲ್ಲ, ಬರೀ ಉಜ್ಜತ್ತೆ, ಜಾಬ್ ಸುಟ್ಟು ಕಂದು ನೀಲಿ ಕಲೆ ಬರತ್ತೆ. ಆ ಕಲೆನ ಇನ್ನೊಂದು ಪಾಸ್ ಹೊಡೆದು, ಅಂದ್ರೆ ಕಲ್ಲನ್ನ ಮತ್ತೊಂದ್ಸಲ ಓಡಿಸಿ, ಅಳಿಸಿ ಕಳಿಸೋರೂ ಇದಾರೆ, ಒಳಗೆ ಸ್ಟೀಲಿನ ಗಟ್ಟಿತನ ಹೋಗಿರತ್ತೆ, ಕಣ್ಣಿಗೆ ಕಾಣದ ಬಿರುಕು ಇರತ್ತೆ, ಇನ್ಸ್‌ಪೆಕ್ಷನ್ ಪಾಸಾಗಿ ಮುಂದೆ ಯಾವನ ಗಾಡೀಲೋ ಮುರಿಯತ್ತೆ.

ಇದೆಲ್ಲಾ ಕಲ್ಲಿನ ಮೇಲೇ ಬರೆದಿರತ್ತೆ ಸಾರ್. ಮಧ್ಯದಲ್ಲಿ ಅಂಟಿಸಿರೋ ದುಂಡು ಕಾಗದದ ಮೇಲೆ ಎ 60 ಕೆ 5 ವಿ ಅಂತ ಏನೋ ಇರತ್ತೆ, ಗಾಡಿ ನಂಬರ್ ಇದ್ದಂಗೆ. ಎ ಅಂದ್ರೆ ಅಲ್ಯೂಮಿನಿಯಂ ಆಕ್ಸೈಡ್ ಹರಳು, ಸ್ಟೀಲಿಗೆ. ಸಿ ಅಂತಿದ್ರೆ ಸಿಲಿಕಾನ್ ಕಾರ್ಬೈಡ್, ಎರಕದ ಕಬ್ಬಿಣಕ್ಕೆ, ಹಿತ್ತಾಳೆಗೆ, ಕಲ್ಲಿಗೆ. 60 ಅನ್ನೋದು ಹರಳಿನ ಸೈಜು, ಒಂದು ಇಂಚಿಗೆ 60 ಕಣ್ಣಿರೋ ಜರಡೀಲಿ ಸೋಸಿದ್ದು ಅಂತ, ನಂಬರ್ ಜಾಸ್ತಿ ಆದಷ್ಟೂ ಸಣ್ಣ ಹರಳು, ನಮ್ಮ ರವೆ ಲೆಕ್ಕನೇ, ಬನ್ಸಿ ರವೆ ಚಿರೋಟಿ ರವೆ. ಕೆ ಅನ್ನೋದೇ ನಾನು ಆಗ ಹೇಳಿದ ಹಿಡಿತ, ಎ ಇಂದ ಝಡ್ ಕಡೆಗೆ ಹೋದಷ್ಟೂ ಬಿಗಿ. 5 ಅಂದ್ರೆ ಹರಳು ಹರಳಿನ ಮಧ್ಯ ಎಷ್ಟು ಸಂದಿ. ವಿ ಅಂದ್ರೆ ಮಣ್ಣಿನ ಅಂಟು, ಪಿಂಗಾಣಿ ಥರ ಭಟ್ಟೀಲಿ ಸುಟ್ಟಿದ್ದು. ಬಿ ಅಂತಿದ್ರೆ ರೆಸಿನ್ ಅಂಟು, ಕೈ ಮಷೀನಿನ ಡಿಸ್ಕ್ ಎಲ್ಲಾ ಅದೇ.

ಹರಳಿನ ಕಥೆಯಲ್ಲಿ ನಮ್ಮ ಕಡೆದೂ ಒಂದು ನಂಟಿದೆ. ಅಲ್ಯೂಮಿನಿಯಂ ಆಕ್ಸೈಡ್ ಭೂಮೀಲಿ ತಾನಾಗೇ ಹರಳಾಗಿ ಸಿಕ್ಕಿದ್ರೆ ಅದೇ ಕುರಂದದ ಕಲ್ಲು, ಹಳೇ ಮೈಸೂರು ಸೀಮೆಯಲ್ಲೂ ಸಿಗ್ತಿತ್ತು, ಕೆಂಪಗಿದ್ರೆ ಅದೇ ಮಾಣಿಕ್ಯ. ಇಂಗ್ಲಿಷಿನ ಕೊರಂಡಮ್ ಅನ್ನೋ ಪದ ಹುಟ್ಟಿದ್ದೇ ನಮ್ಮ ದಕ್ಷಿಣದ ಭಾಷೆಗಳ ಈ ಕುರಂದದಿಂದ. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಅನ್ನೋರು ಕೃತಕ ವಜ್ರ ಮಾಡೋಕೆ ಹೋಗಿ ಮಣ್ಣು ಮತ್ತೆ ಕೋಕ್ ಕಲ್ಲಿದ್ದಲನ್ನ ಕರೆಂಟಲ್ಲಿ ಕಾಯಿಸಿದ್ರು, ವಜ್ರ ಬರ್ಲಿಲ್ಲ, ಗಟ್ಟಿಯಾಗಿ ಹೊಳೆಯೋ ಹರಳು ಬಂತು. ಕಾರ್ಬನ್ನೂ ಕೊರಂಡಮ್ಮೂ ಸೇರಿರೋದು ಅಂತ ತಪ್ಪು ತಿಳ್ಕೊಂಡು ಕಾರ್ಬೊರಂಡಂ ಅಂತ ಹೆಸರಿಟ್ರು, ಆಮೇಲೆ ನೋಡಿದ್ರೆ ಅದು ಸಿಲಿಕಾನ್ ಕಾರ್ಬೈಡು. ಹೆಸರು ತಪ್ಪಾದ್ರೂ ಹಂಗೇ ಉಳೀತು. ನಮ್ಮಲ್ಲಿ ಹಳಬರು ಈಗ್ಲೂ ಯಾವ ಕಲ್ಲಿಗಾದ್ರೂ ಕಾರ್ಬೊರಂಡಂ ಕಲ್ಲು ಅಂತಾರೆ.

ಈಗ ಮಷೀನುಗಳು. ಸರ್ಫೇಸ್ ಗ್ರೈಂಡರ್ ಅಂದ್ರೆ ಸಮತಟ್ಟು ಮಾಡೋದು. ಟೇಬಲ್ ಮೇಲೆ ಮ್ಯಾಗ್ನೆಟಿಕ್ ಚಕ್ ಇರತ್ತೆ, ಜಾಬ್‌ನ ಇಟ್ಟು ಮ್ಯಾಗ್ನೆಟ್ ಆನ್ ಮಾಡಿದ್ರೆ ಕಚ್ಕೊಳತ್ತೆ, ಟೇಬಲ್ ಆ ಕಡೆ ಈ ಕಡೆ ಓಡಾಡತ್ತೆ, ಮೇಲೆ ಕಲ್ಲು ತಿರುಗ್ತಿರತ್ತೆ. ಒಂದು ಪಾಸ್‌ಗೆ ಕೊಡೋ ಕಟ್, ಅಂದ್ರೆ ಕೆರೆಯೋ ಆಳ, ಹತ್ತಿಪ್ಪತ್ತು ಮೈಕ್ರಾನು, ಫಿನಿಶಿಂಗಿಗೆ ಮೂರು ನಾಲ್ಕು ಅಷ್ಟೆ. ಒಂದು ಮಿಲಿಮೀಟರಲ್ಲಿ ಸಾವಿರ ಮೈಕ್ರಾನು, ತಲೆಕೂದಲು ಒಂದು ಸುಮಾರು 70 ಮೈಕ್ರಾನ್ ದಪ್ಪ ಅಂದ್ಕೊಳಿ, ಆಮೇಲೆ ಲೆಕ್ಕ ಹಾಕಿ. ಕೊನೇಲಿ ಕಟ್ ಕೊಡದೇ ಸುಮ್ನೆ ನಾಲ್ಕೈದು ಸಲ ಓಡಿಸ್ತಾರೆ, ಕಿಡಿ ನಿಲ್ಲೋ ತನಕ, ಅದಕ್ಕೆ ಸ್ಪಾರ್ಕ್ ಔಟ್ ಅಂತಾರೆ. ಯಾಕಂದ್ರೆ ಅಷ್ಟು ದಪ್ಪ ಎರಕದ ಮಷೀನೂ ಒತ್ತಡಕ್ಕೆ ಒಂದೆರಡು ಮೈಕ್ರಾನ್ ಬಾಗಿರತ್ತೆ, ಅದು ಸರಿಯಾಗಿ ವಾಪಸ್ ಬರೋ ತನಕ ಕಾಯ್ಬೇಕು. ಆತುರದೋರಿಗೆ ಈ ಕೆಲಸ ಅಲ್ಲ ಅನ್ನೋದು ಇದಕ್ಕೇ. ನೀರು ಬಿಡೋದೂ ಬರೀ ತಂಪಿಗಲ್ಲ, 100 ಮಿಲಿಮೀಟರ್ ಉದ್ದದ ಸ್ಟೀಲ್ 10 ಡಿಗ್ರಿ ಬಿಸಿಯಾದ್ರೆ 11–12 ಮೈಕ್ರಾನ್ ಬೆಳೆಯತ್ತೆ. ಬಿಸೀಲಿ ಅಳೆದು ಕರೆಕ್ಟ್ ಇದೆ ಅಂತ ಖುಷಿಪಟ್ಟು ಟೀ ಕುಡ್ಕೊಂಡು ಬಂದು ಮತ್ತೆ ಅಳೆದ್ರೆ ಜಾಬ್ ಅಂಡರ್ ಸೈಜು. ನನ್ನ ಮೊದಲ ವರ್ಷ ಹಿಂಗೆ ಎಷ್ಟು ರಿಜೆಕ್ಷನ್ ಮಾಡಿದೀನೋ, ಮೇಸ್ತ್ರಿ ಬೈದಿದ್ದು ಈಗ್ಲೂ ಕಿವೀಲಿದೆ, "ಲೇ, ಕಬ್ಬಿಣಕ್ಕೂ ಜ್ವರ ಬರತ್ತೆ ಕಣೋ, ಇಳಿಯೋ ತನಕ ಮುಟ್ಬೇಡ".

ಸಿಲಿಂಡ್ರಿಕಲ್ ಗ್ರೈಂಡರ್ ಶಾಫ್ಟ್‌ಗೆ, ಎರಡು ಸೆಂಟರ್ (ಚೂಪು ಮೊನೆ) ಮಧ್ಯ ಹಿಡಿದು ತಿರುಗಿಸ್ತಾ ಮಾಡೋದು. ಇಂಟರ್ನಲ್ ಗ್ರೈಂಡರ್ ತೂತಿನ ಒಳಗೆ. ಟೂಲ್ ಅಂಡ್ ಕಟರ್ ಗ್ರೈಂಡರ್ ಅಂದ್ರೆ ಡ್ರಿಲ್ಲು ಮಿಲ್ಲಿಂಗ್ ಕಟರ್ ಸಾಣೆ ಹಿಡಿಯೋಕೆ. ಇವನ್ನ ಹೇಳ್ತಾ ಕೂತ್ರೆ ನಿಮ್ಮ ಪುಟ ಸಾಲಲ್ಲ. ಆದ್ರೆ ಸೆಂಟರ್‌ಲೆಸ್ ಬಗ್ಗೆ ಹೇಳ್ದೆ ಬಿಡಲ್ಲ, ಹದಿನಾಲ್ಕು ವರ್ಷ ಅದರ ಮುಂದೆ ನಿಂತಿದೀನಿ. ಅದರಲ್ಲಿ ಜಾಬ್‌ನ ಯಾರೂ ಹಿಡ್ಕೊಂಡಿರಲ್ಲ. ಎದುರು ಬದುರು ಎರಡು ಕಲ್ಲು, ಒಂದು ಕಡಿಯೋದು, ಇನ್ನೊಂದು ರಬ್ಬರ್ ಅಂಟಿನ ನಿಧಾನದ ಕಲ್ಲು, ಅದಕ್ಕೆ ರೆಗ್ಯುಲೇಟಿಂಗ್ ವೀಲ್ ಅಂತಾರೆ. ಮಧ್ಯ ಒಂದು ಬ್ಲೇಡ್ ಪಟ್ಟಿ, ಅದರ ಮೇಲೆ ಪಿನ್ನುಗಳು ಸಾಲಾಗಿ ಕೂತ್ಕೊಂಡು ತಿರುಗ್ತಾ ತಿರುಗ್ತಾ ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆ ಫಿನಿಶ್ ಆಗಿ ಬೀಳ್ತಿರತ್ತೆ. ರೆಗ್ಯುಲೇಟಿಂಗ್ ವೀಲ್‌ನ ಎರಡು ಮೂರು ಡಿಗ್ರಿ ಓರೆ ಮಾಡಿರ್ತಾರೆ, ಆ ಓರೆಯೇ ಜಾಬ್‌ನ ಮುಂದಕ್ಕೆ ತಳ್ಳೋದು. ಒಂದು ಶಿಫ್ಟಲ್ಲಿ ಸಾವಿರಾರು ಪಿನ್ನು. ಇದರಲ್ಲಿ ಒಂದು ಗುಟ್ಟಿದೆ, ಜಾಬಿನ ಸೆಂಟರು ಎರಡೂ ಕಲ್ಲಿನ ಸೆಂಟರಿಗಿಂತ ಸ್ವಲ್ಪ ಮೇಲಿರ್ಬೇಕು. ಸಮ ಇಟ್ರೆ ಏನಾಗತ್ತೆ ಅಂದ್ರೆ, ಪಿನ್ನು ಮೂರು ಮೂಲೆ ಆಗತ್ತೆ, ದಪ್ಪ ಅಳೆಯೋ ಮೈಕ್ರೋಮೀಟರ್ ಇಟ್ಟು ಯಾವ ಕಡೆ ಅಳೆದ್ರೂ ಒಂದೇ ಸೈಜ್ ತೋರಿಸತ್ತೆ, ಆದ್ರೆ ದುಂಡಗಿರಲ್ಲ! ವಿ ಆಕಾರದ ಕಬ್ಬಿಣದ ದಿಮ್ಮೀಲಿಟ್ಟು ತಿರುಗಿಸಿ ಮೇಲೆ ಮುಳ್ಳಿನ ಡಯಲ್ ಅಳತೆ ಹಾಕಿದ್ರೇ ಮುಳ್ಳು ಕುಣಿಯೋದು. ನಾನು ಮೊದಲ ಸಲ ಇದನ್ನ ನೋಡಿದಾಗ ಮೈಕ್ರೋಮೀಟರೇ ಕೆಟ್ಟಿದೆ ಅಂತ ಜಗಳ ಆಡಿದ್ದೆ.

ಇದೆಲ್ಲಾ ಎಲ್ಲಿಗೆ ಹೋಗತ್ತೆ ಅಂತೀರಾ. ನಿಮ್ಮ ಸ್ಕೂಟರಿನ ಪಿಸ್ಟನ್ ಪಿನ್ನು, ಕ್ರ್ಯಾಂಕ್ ಶಾಫ್ಟು, ಫ್ಯಾನಿನ ಬೇರಿಂಗ್ ಒಳಗಿನ ರಿಂಗು, ಡೀಸೆಲ್ ಪಂಪಿನ ಪ್ಲಂಜರ್ರು, ಪ್ಲಾಸ್ಟಿಕ್ ಬಕೆಟ್ ಬೀಳೋ ಮೋಲ್ಡು, ಶೇವಿಂಗ್ ಬ್ಲೇಡು, ವಿಮಾನದ ಟರ್ಬೈನ್ ಬ್ಲೇಡಿನ ಬುಡ, ನಿಮ್ಮ ಪೇಪರ್ ಪ್ರಿಂಟ್ ಆಗೋ ಮಷೀನಿನ ರೋಲರ್ರು ಕೂಡ. ಲೇತಲ್ಲಿ ಆಕಾರ ಬರತ್ತೆ, ಫರ್ನೇಸಲ್ಲಿ ಗಟ್ಟಿ ಆಗತ್ತೆ, ಗಟ್ಟಿಯಾದಾಗ ಸ್ವಲ್ಪ ಸೊಟ್ಟ ಆಗತ್ತೆ, ಆಮೇಲೆ ಅದನ್ನ ಮಾಮೂಲಿ ಟೂಲ್ ಮುಟ್ಟೋಕಾಗಲ್ಲ, ಕಲ್ಲೇ ಬೇಕು. ಬೆಂಗಳೂರಿಗೆ ಇದು ಹೊಸದೇನಲ್ಲ, 1953ರಲ್ಲಿ ಎಚ್‌ಎಂಟಿ ಬಂತು, ಅದೇ ಸುಮಾರಿಗೆ ಆಡುಗೋಡೀಲಿ ಮೈಕೋ (ಈಗಿನ ಬಾಷ್ ಕಂಪನಿ) ಬಂತು, 1962ರಲ್ಲಿ ತುಮಕೂರು ರೋಡಲ್ಲಿ ಮಷೀನ್ ಟೂಲ್ ರಿಸರ್ಚ್‌ಗೆ ಅಂತ ಸಿಎಂಟಿಐ ಬಂತು, ಪೀಣ್ಯದ ಎಷ್ಟೋ ಶೆಡ್ಡುಗಳಲ್ಲಿ ಈಗ್ಲೂ ಎಚ್‌ಎಂಟಿಯ ಹಳೇ ಹಸಿರು ಗ್ರೈಂಡರ್‌ಗಳು ದುಡೀತಿವೆ. ಜನಕ್ಕೆ ಎಚ್‌ಎಂಟಿ ಅಂದ್ರೆ ವಾಚ್ ಅಷ್ಟೇ ನೆನಪು, ಶುರು ಆಗಿದ್ದು ವಾಚಿಂದ ಅಲ್ಲ, ಮಷೀನಿಂದ, ಹೆಸರಲ್ಲೇ ಇದೆಯಲ್ಲ ಮಷೀನ್ ಟೂಲ್ಸ್ ಅಂತ.

ಈಗ ನಿಮ್ಮ ಫೋಟೋಗೆ ಬರ್ತೀನಿ. ಮೊಮ್ಮಗಳ ಭೂತಗನ್ನಡಿ ತಗೊಂಡು ಬಾಲ್ಕನಿ ಬೆಳಕಲ್ಲಿ ನೋಡಿದೆ. ಆ ಹುಡುಗನ ಕೈಲಿರೋದು ಐದಿಂಚಿನ ಆಂಗಲ್ ಗ್ರೈಂಡರು, ಅಂದ್ರೆ ಐದಿಂಚಿನ ಡಿಸ್ಕ್ ಹಾಕೋ ಕೈ ಮಷೀನು, ಮಷೀನಿನ ಮೈ ಅವನ ಹಿಡಿಯಷ್ಟೇ ಇದೆ. ಅದಕ್ಕೆ ಹಾಕಿರೋ ಡಿಸ್ಕ್ ಐದಿಂಚಿಂದಲ್ಲ, ಗೇರ್ ಹೆಡ್ (ಮಷೀನಿನ ಮೂತಿ) ದಾಟಿ ಅಷ್ಟು ದೂರ ಚಾಚಿದೆ, ಏಳಿಂಚಿಂದು. ಫೋಟೋದಲ್ಲಿ ಅಳತೆ ಮೋಸ ಮಾಡತ್ತೆ ಅಂತೀರೇನೋ, ಇರ್ಬಹುದು, ಆದ್ರೆ ಗಾರ್ಡ್ ಇಲ್ಲ ಅನ್ನೋದಂತೂ ಬರಿಗಣ್ಣಿಗೇ ಕಾಣತ್ತೆ, ಏಳಿಂಚಿನ ಡಿಸ್ಕ್ ಕೂರ್ಬೇಕು ಅಂದ್ರೆ ಗಾರ್ಡ್ ಬಿಚ್ಲೇಬೇಕು. ತೂತಿನ ಸೈಜ್ ಐದಿಂಚಿಗೂ ಏಳಿಂಚಿಗೂ ಒಂದೇ ಬರತ್ತೆ, ಅದೇ ದೊಡ್ಡ ಅನಾಹುತ, ಸಲೀಸಾಗಿ ಕೂತ್ಕೊಳತ್ತೆ. ಯಾಕೆ ಹಾಕ್ತಾರೆ? ದೊಡ್ಡ ಡಿಸ್ಕ್ ಜಾಸ್ತಿ ದಿನ ಬರತ್ತೆ, ಆಳಕ್ಕೆ ಹೋಗತ್ತೆ, ದೊಡ್ಡ ಮಷೀನಿನ ದುಡ್ಡು ಉಳಿಯತ್ತೆ. ಅದೂ ಅಲ್ದೆ ಆ ಡಿಸ್ಕು ತೆಳ್ಳಗಿದೆ, ಅಂದ್ರೆ ಕಟಿಂಗ್ ವೀಲು, ಅಂಚಿಂದ ಮಾತ್ರ ಕತ್ತರಿಸೋಕೆ ಮಾಡಿರೋದು, ಅವನು ಅದನ್ನ ಮಲಗಿಸಿ ಪಕ್ಕದಿಂದ ಉಜ್ಜುತಿದಾನೆ. ಉಜ್ಜೋಕೆ ಆರು ಮಿಲಿಮೀಟರ್ ದಪ್ಪದ್ದು ಬೇರೆ ಬರತ್ತೆ.

ಲೆಕ್ಕ ಹೇಳ್ತೀನಿ ನೋಡಿ, ಐಟಿಐ ಹುಡುಗರಿಗೂ ಬರೋ ಲೆಕ್ಕ. ಐದಿಂಚಿನ ಮಷೀನು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗತ್ತೆ. ಐದಿಂಚಿನ ಡಿಸ್ಕ್ ಅಂದ್ರೆ 125 ಮಿಲಿಮೀಟರು, ಅದರ ಅಂಚು ಸೆಕೆಂಡಿಗೆ 72 ಮೀಟರ್ ವೇಗದಲ್ಲಿ ಓಡತ್ತೆ. ಡಿಸ್ಕ್ ಮೇಲೆ 80 ಮೀಟರ್ ತನಕ ಓಕೆ ಅಂತ ಬರೆದಿರತ್ತೆ, ಎಷ್ಟೋ ಡಿಸ್ಕಲ್ಲಿ ಕೆಂಪು ಪಟ್ಟೆನೂ ಇರತ್ತೆ. ಸರಿ. ಈಗ ಅದೇ ಮಷೀನಿಗೆ 180 ಮಿಲಿಮೀಟರಿನ ಏಳಿಂಚು ಹಾಕಿ, ಅಂಚಿನ ವೇಗ ಸೆಕೆಂಡಿಗೆ 103 ಮೀಟರ್ ದಾಟತ್ತೆ, ಗಂಟೆಗೆ 370 ಕಿಲೋಮೀಟರ್. ನಮ್ಮ ವಂದೇ ಭಾರತ್ ರೈಲೇ ಜನರನ್ನ ಹೊತ್ಕೊಂಡು 160ರ ಮೇಲೆ ಓಡಲ್ಲ. ಆ ಏಳಿಂಚಿನ ಡಿಸ್ಕ್ ಮೇಲೆ ನಿಮಿಷಕ್ಕೆ 8,500 ಸುತ್ತಿಗಿಂತ ಜಾಸ್ತಿ ಬೇಡ ಅಂತ ಹೆಚ್ಚೂಕಮ್ಮಿ ಬರೆದೇ ಇರತ್ತೆ. ಮತ್ತೆ ಎಳೆತ ಅನ್ನೋದು ವೇಗದ ಜೊತೆ ಸಮ ಸಮ ಏರಲ್ಲ, ವರ್ಗದ ಲೆಕ್ಕದಲ್ಲಿ ಏರತ್ತೆ, ವೇಗ ಎರಡರಷ್ಟಾದ್ರೆ ಡಿಸ್ಕ್‌ನ ಸೀಳೋ ಎಳೆತ ನಾಲ್ಕರಷ್ಟು. 80ಕ್ಕೆ ಮಾಡಿರೋದನ್ನ 103ಕ್ಕೆ ಓಡಿಸಿದ್ರೆ ಒಂದೂವರೆ ಪಟ್ಟಿಗೂ ಜಾಸ್ತಿ. ಕಂಪನಿಯೋರು ಮಾರ್ಜಿನ್ ಇಟ್ಟಿರ್ತಾರೆ, ಅದಕ್ಕೇ ಎಲ್ಲಾ ಡಿಸ್ಕೂ ಒಡೆಯಲ್ಲ, ಆ ಹುಡುಗ ಇವತ್ತಿಗೂ ಫೋಟೋಗೆ ನಗ್ತಾ ಕೂತಿದಾನೆ. ಆ ಡಿಸ್ಕು ನೆನೆದಿದ್ರೆ, ಎಕ್ಸ್‌ಪೈರಿ ಆಗಿದ್ರೆ, ಒಂದ್ಸಲ ಕೆಳಗೆ ಬಿದ್ದಿದ್ರೆ? ಹೌದು, ರೆಸಿನ್ ಡಿಸ್ಕಿಗೆ ಎಕ್ಸ್‌ಪೈರಿ ಇದೆ, ಮಧ್ಯದ ತಗಡಿನ ರಿಂಗ್ ಮೇಲೆ ತಿಂಗಳು ವರ್ಷ ಒತ್ತಿರ್ತಾರೆ, ಬ್ರೆಡ್ ಪ್ಯಾಕೆಟ್ ತಿರುಗಿಸಿ ನೋಡೋರು ಇದನ್ನ ನೋಡಲ್ಲ.

ಕಲ್ಲು ಒಡೆಯೋದು ನಾನು ಕಣ್ಣಾರೆ ಒಂದೇ ಸಲ ನೋಡಿದೀನಿ, ಸಾಕು. ಯಾವ ಫ್ಯಾಕ್ಟರಿ ಅಂತ ಬೇಡ. ಸ್ಟೋರ್ಸಿಂದ ಹೊಸ ಕಲ್ಲು ತರೋವಾಗ ಟ್ರಾಲಿ ಗುಂಡೀಗೆ ಇಳಿದು ಕಲ್ಲು ಅಂಚಿಗೆ ತಗ್ಲಿತ್ತಂತೆ, ತಂದೋನು ಹೇಳ್ಲಿಲ್ಲ, ಬೈತಾರೆ ಅಂತ. ಹಾಕ್ದೋನು ಕೇಳ್ಲಿಲ್ಲ. ಇಲ್ಲಿ ಕೇಳೋದು ಅಂದ್ರೆ ಬಾಯಲ್ಲಿ ಅಲ್ಲ, ಕಿವೀಲಿ. ಮಣ್ಣಂಟಿನ ಕಲ್ಲನ್ನ ಹಾಕೋ ಮುಂಚೆ ಬೆರಳಿಗೆ ಇಲ್ಲಾ ಸರಳಿಗೆ ನೇತಾಕಿ ಮರದ ಹಿಡೀಲಿ ಮೆಲ್ಲಗೆ ತಟ್ಟಬೇಕು. ಚೆನ್ನಾಗಿದ್ರೆ ಟಣ್ ಅನ್ನತ್ತೆ. ಬಿರುಕಿದ್ರೆ ದಬ್ ಅನ್ನತ್ತೆ. ನಮ್ಮಮ್ಮ ಸಂತೇಲಿ ಮಡಕೆ ತಗೊಳೋವಾಗ ಬೆರಳು ಮಡಿಸಿ ತಟ್ತಿದ್ರಲ್ಲ, ಅದೇ ಪರೀಕ್ಷೆ. ಅರ್ಧ ನಿಮಿಷದ ಕೆಲಸ. ಅವತ್ತು ಅದು ಮಾಡ್ಲಿಲ್ಲ. ಸ್ವಿಚ್ ಹಾಕಿ ಸ್ಪೀಡ್ ಹತ್ತಿದ ಮೇಲೆ ಬಾಂಬ್ ಥರ ಸದ್ದು, ಶೆಡ್ಡಿನ ಶೀಟಿಂದ ಧೂಳೆಲ್ಲಾ ಉದುರ್ತು. ಗಾರ್ಡಿತ್ತು, ದಪ್ಪ ಸ್ಟೀಲಿನ ಗಾರ್ಡು, ಮೂರು ತುಂಡು ಅದರೊಳಗೇ ಸಿಕ್ಕಾಕೊಂಡಿತ್ತು, ಗಾರ್ಡು ಹೊಟ್ಟೆ ಬಂದಿತ್ತು. ಒಂದು ಸಣ್ಣ ಚೂರು ಮಾತ್ರ ತೆರೆದಿರೋ ಕಡೆಯಿಂದ ಬಂದು ಆಪರೇಟರ್ ದವಡೆಗೆ ಹೊಡೀತು, ಎರಡು ಹಲ್ಲು ಹೋಯ್ತು, ಹನ್ನೊಂದು ಹೊಲಿಗೆ. ಮೇಸ್ತ್ರಿ ಆಸ್ಪತ್ರೆಯಿಂದ ಬಂದವರೇ ಆ ಗಾರ್ಡಿಗೆ ಕೈ ಮುಗಿದ್ರು, ನಾನು ನೋಡ್ದೆ. ಅವತ್ತಿಂದ ಹೊಸ ಕಲ್ಲು ಸ್ಟಾರ್ಟ್ ಮಾಡೋವಾಗ ನಾವ್ಯಾರೂ ಎದುರಿಗೆ ನಿಲ್ತಿರ್ಲಿಲ್ಲ, ಪಕ್ಕಕ್ಕೆ ನಿಂತು ಸ್ವಿಚ್ ಹಾಕಿ ಒಂದು ನಿಮಿಷ ಖಾಲಿ ಓಡಿಸೋದು.

ಇಂಥವು ಇನ್ನೂ ಎಷ್ಟೋ ಇವೆ, ಯಾವ ಪುಸ್ತಕ ತೆಗೆದು ಓದ್ತಾನೆ ಹುಡುಗ. ಶಿಫ್ಟ್ ಮುಗಿದಾಗ ಮೊದಲು ಕೂಲೆಂಟ್ (ತಂಪಿಗೆ ಬಿಡೋ ನೀರು) ನಿಲ್ಲಿಸಿ ಕಲ್ಲನ್ನ ಎರಡು ನಿಮಿಷ ಸುಮ್ನೆ ಓಡಿಸ್ಬೇಕು, ಇಲ್ದಿದ್ರೆ ಕಲ್ಲೊಳಗಿನ ನೀರು ರಾತ್ರಿ ಎಲ್ಲಾ ಕೆಳಭಾಗಕ್ಕೆ ಇಳಿದಿರತ್ತೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಒಂದು ಕಡೆ ಭಾರ, ಮಷೀನ್ ಒದರತ್ತೆ. ಬೆಂಚ್ ಗ್ರೈಂಡರಲ್ಲಿ ಟೂಲ್ ರೆಸ್ಟಿಗೂ ಕಲ್ಲಿಗೂ ಮಧ್ಯ 3 ಮಿಲಿಮೀಟರಿಗಿಂತ ಜಾಸ್ತಿ ಸಂದಿ ಇರ್ಬಾರ್ದು, ಇದ್ರೆ ಜಾಬು ಅದರೊಳಗೆ ಸಿಕ್ಕಾಕೊಂಡು ಜೊತೆಗೆ ಬೆರಳೂ ಹೋಗತ್ತೆ. ಸ್ಟೀಲ್ ಉಜ್ಜೋ ಕಲ್ಲಿಗೆ ಅಲ್ಯೂಮಿನಿಯಂ ಹಿಡೀಬಾರ್ದು, ಮೆತ್ತಗಿನ ಲೋಹ ಸಂದಿಯೆಲ್ಲಾ ತುಂಬ್ಕೊಂಡು ಕಲ್ಲು ಕಾಯತ್ತೆ, ಅದರ ಪುಡಿಗೆ ಸ್ಟೀಲಿನ ಕಿಡಿ ಬಿದ್ರೆ ಬೆಂಕಿ. ಗ್ರಾನೈಟ್ ಕತ್ತರಿಸೋರು ನೀರು ಬಿಡದೆ ಒಣ ಡಿಸ್ಕ್ ಓಡಿಸ್ತಾರೆ, ಆ ಬಿಳೀ ಧೂಳು ಶ್ವಾಸಕೋಶಕ್ಕೆ ಇಳಿದ್ರೆ ವಾಪಸ್ ಬರಲ್ಲ.

ಕಾನೂನು ಇಲ್ವಾ ಅಂದ್ರೆ, ಇದೆ ಸಾರ್. 2025ರ ನವೆಂಬರ್ ತನಕ ಜಾರೀಲಿದ್ದ 1948ರ ಫ್ಯಾಕ್ಟರಿ ಕಾಯ್ದೆಯ 30ನೇ ಸೆಕ್ಷನ್ನಲ್ಲೇ ಬರೆದಿಟ್ಟಿದ್ರು, ಗ್ರೈಂಡಿಂಗ್ ನಡೆಯೋ ಕಡೆ ಪ್ರತಿ ಮಷೀನಿನ ಹತ್ರ ಒಂದು ನೋಟಿಸ್ ಇರ್ಬೇಕು, ಆ ಕಲ್ಲಿನ ಅಂಚು ಎಷ್ಟು ವೇಗದ ತನಕ ಸೇಫು, ಶಾಫ್ಟ್ ಎಷ್ಟು ಸುತ್ತು ತಿರುಗತ್ತೆ ಅಂತ. 35ನೇ ಸೆಕ್ಷನ್ನಲ್ಲಿ ಕಣ್ಣಿನ ಕನ್ನಡಕ. ಅಷ್ಟು ಹಳೇ ಕಾಲದಲ್ಲೇ ಗ್ರೈಂಡಿಂಗಿನ ಹೆಸರು ಹಿಡಿದು ಒಂದು ಸೆಕ್ಷನ್ ಬರೆದ್ರು ಅಂದ್ರೆ ಸುಮ್ನೆ ಅಲ್ಲ. ಆದ್ರೆ ಆ ಕಾಯ್ದೆಯ ಲೆಕ್ಕದಲ್ಲಿ ಕರೆಂಟ್ ಇದ್ರೂ ಹತ್ತು ಜನ ಇದ್ರೇನೇ ಫ್ಯಾಕ್ಟರಿ ಆಗ್ತಿತ್ತು, ಮೂರು ಜನ ಇರೋ ಗ್ರಿಲ್ ಅಂಗಡಿ, ಗೇಟ್ ಮಾಡೋ ಶೆಡ್ಡು ಅದರೊಳಗೆ ಬರ್ತಾನೇ ಇರ್ಲಿಲ್ಲ, ಗಾರ್ಡ್ ಬಿಚ್ಚೋದೂ ಹೆಚ್ಚಾಗಿ ಅಲ್ಲೇ. ಇನ್ನು ದೊಡ್ಡ ಫ್ಯಾಕ್ಟರಿಗಳಲ್ಲಿ ಆ ನೋಟಿಸ್ ಇರತ್ತೆ, ಇಂಗ್ಲಿಷಲ್ಲಿ, ಎಣ್ಣೆ ಮೆತ್ಕೊಂಡು. ನಮ್ಮ ಕಾಲದಲ್ಲಿ ಮಷೀನ್ ಮುಂದೆ ಮಂಡ್ಯ ಹಾಸನ ತುಮಕೂರಿನೋರು ಇದ್ವಿ, ಈಗ ರಾಯಚೂರು ಕಲಬುರ್ಗಿ ಹುಡುಗರು, ಜೊತೆಗೆ ಬಿಹಾರ ಒಡಿಶಾದೋರು. ಕಲ್ಲಿನ ಮೇಲೆ ಇಂಗ್ಲಿಷು, ಡಿಸ್ಕಿನ ಮೇಲೆ ಇಂಗ್ಲಿಷು, ಡಬ್ಬಿ ಮೇಲೆ ಇಂಗ್ಲಿಷು, ಕೆಲವು ಸಲ ಚೈನೀಸು. ಆ ಹುಡುಗ ಓದಲ್ಲ ಅಂತ ಬಯ್ಯೋದು ಸುಲಭ, ಅವನಿಗೆ ಓದೋಕೆ ಆಗೋ ಭಾಷೇಲಿ ಯಾರು ಬರೆದಿದಾರೆ? ಡಿಸ್ಕ್ ಡಬ್ಬಿ ಮೇಲೆ ನಾಲ್ಕೇ ಸಾಲು ಕನ್ನಡದಲ್ಲಿ ಹಿಂದೀಲಿ ಹಾಕೋಕೆ ಏನು ಖರ್ಚು? ತಂಬಾಕು ಪ್ಯಾಕೆಟ್ ಮೇಲೆ ಬಾಯಿ ಕ್ಯಾನ್ಸರ್ ಫೋಟೋ ಹಾಕ್ತಾರೆ, ಗಾರ್ಡ್ ಇಲ್ದಿರೋ ಮಷೀನಿನ ಫೋಟೋ ಹಾಕಿ ಅಡ್ಡಗೆರೆ ಎಳೆದ್ರೆ ಆಗಲ್ವಾ?

ನಿಮ್ಮಿಂದ ನಾನು ಕೇಳೋದು ಕಾನೂನಲ್ಲ. ಆ ಫೋಟೋ ನಿಮ್ಮ ಪೇಪರಲ್ಲಿ ಶ್ರಮಕ್ಕೆ ಗೌರವ ಅಂತ ಬಂತು, ಎಷ್ಟೋ ಶೆಡ್ಡಲ್ಲಿ ಅದನ್ನ ಕತ್ತರಿಸಿ ವಿಶ್ವಕರ್ಮನ ಫೋಟೋ ಪಕ್ಕ ಅಂಟಿಸಿರ್ತಾರೆ, ಹೊಸ ಹುಡುಗ ಬಂದು ನೋಡಿ ಓಹೋ ಹಿಂಗೆ ಹಿಡೀಬೇಕು ಅಂತ ಕಲೀತಾನೆ. ಹಂಗಾಗಿ ಅಷ್ಟೇ ದೊಡ್ಡದಲ್ಲದಿದ್ರೂ ಒಂದು ತಿದ್ದುಪಡಿ ಹಾಕಿ, ವೆಲ್ಡಿಂಗ್ ಅಲ್ಲ ಗ್ರೈಂಡಿಂಗ್ ಅಂತ ಒಂದು ಸಾಲು, ಚಿತ್ರದಲ್ಲಿರೋ ಮಷೀನಿಗೆ ಗಾರ್ಡ್ ಇಲ್ಲ, ಡಿಸ್ಕ್ ಸೈಜ್ ಸರಿ ಇಲ್ಲ ಅಂತ ಇನ್ನೊಂದು ಸಾಲು. ಮುಂದಿನ ವರ್ಷ ಆಯುಧ ಪೂಜೆಗೆ ಫೋಟೋ ಬೇಕಾದ್ರೆ ಪೀಣ್ಯಕ್ಕೆ ಬರ್ಲಿ ನಿಮ್ಮ ಫೋಟೋಗ್ರಾಫರ್, ಸೆಂಟರ್‌ಲೆಸ್ ಮಷೀನ್ ತೋರಿಸ್ತೀನಿ, ಕಿಡಿ ಅಷ್ಟು ಕಾಣಲ್ಲ, ನೀರೇ ಜಾಸ್ತಿ, ಫೋಟೋ ಚೆನ್ನಾಗಿ ಬರಲ್ಲ ಅಂತ ಗೊಣಗ್ತಾರೆ, ಆದ್ರೂ ಬರ್ಲಿ.

ಇನ್ನೊಂದು. ಆ ಶೆಡ್ಡು ಎಲ್ಲಿದೆ ಅಂತ ನಿಮ್ಮೋರಿಗೆ ಗೊತ್ತಿರತ್ತೆ, ಆ ಕಡೆ ಹೋದಾಗ ಹುಡುಗನಿಗೆ ಹೇಳಿ. ಗಾರ್ಡು ಹೊಸದು ತರೋದು ಬೇಡ, ಮಷೀನ್ ತಗೊಂಡಾಗ ಡಬ್ಬೀಲೇ ಬಂದಿರತ್ತೆ, ಬಿಚ್ಚಿ ಎಲ್ಲೋ ಅಟ್ಟದ ಮೇಲೋ ಸ್ಕ್ರ್ಯಾಪ್ ಮೂಟೇಲೋ ಎಸೆದಿರ್ತಾರೆ, ಒಂದು ಸ್ಕ್ರೂ ಅಷ್ಟೆ, ಹುಡುಕೋಕೆ ಹೇಳಿ.

ಇಂತಿ ನಿಮ್ಮ ಓದುಗ,
ಒಬ್ಬ ರಿಟೈರ್ಡ್ ಗ್ರೈಂಡರ್, ಲಗ್ಗೆರೆ, ಬೆಂಗಳೂರು